ಪಸೆ ನೆಲಕ್ಕೆ ಯಾವ ಟಯರು?

ನನ್ನ ಬೈಕಿನ ಟಯರನ್ನು ನಾನು ಬದಲಾಯಿಸುವುದು ಅದು ಸವೆದಾಗ ಅಲ್ಲ, ನನ್ನ ಧೈರ್ಯ ಸವೆದಾಗ. ಟಯರಿಗಿಂತ ಧೈರ್ಯ ಬೇಗ ಸವೆಯುವ ವಸ್ತುವಾದ್ದರಿಂದ ಪುತ್ತೂರಿನ ಟಯರಂಗಡಿಯವರಿಗೆ ನಾನೆಂದರೆ ಮೊದಲಿನಿಂದಲೂ ಅಕ್ಕರೆ. "ಇದು ಇನ್ನೂ ಒಂದು ವರ್ಷ ಓಡ್ತದೆ ಮಾರಾಯ್ರೆ" ಎಂದು ಅವರು ವ್ಯಾಪಾರ ಮರೆತು ಹೇಳುವುದುಂಟು. ಆ ಒಂದು ವರ್ಷದಲ್ಲಿ ಯಾವ ದಿನ, ಯಾವ ತಿರುವಿನಲ್ಲಿ ಅದು ಓಡುವುದನ್ನು ನಿಲ್ಲಿಸುತ್ತದೆ ಎಂದು ಮಾತ್ರ ಅವರು ಹೇಳಲಾರರು. ನನಗೆ ಬೇಕಾದದ್ದು ಆ ಒಂದು ಮಾತು. ಹಾಗಾಗಿ ಗೆರೆಗಳು ಇನ್ನೂ ಸ್ಪಷ್ಟವಾಗಿ ಕಾಣುವ ನನ್ನ ಹಳೆಯ ಟಯರುಗಳು ಬೇರೆಯವರ ಬೈಕುಗಳಿಗೆ ಹೊಸ ಟಯರುಗಳಾಗಿ ಹೋಗುತ್ತಿದ್ದವು. ನಾನು ಪುತ್ತೂರಿನ ಪೇಟೆಯಲ್ಲಿ ಬೈಕು ನಿಲ್ಲಿಸಿದರೆ ಕೆಲವರು ನನ್ನ ಮುಖ ನೋಡಿ ನಮಸ್ಕಾರ ಮಾಡುವ ಮೊದಲು ಬಗ್ಗಿ ನನ್ನ ಟಯರು ನೋಡುತ್ತಿದ್ದರು, ಪಕ್ಕದ ಮನೆಯ ಹಲಸಿನಕಾಯಿ ಎಷ್ಟು ಬಲಿತಿದೆ ಎಂದು ನೋಡುವ ಹಾಗೆ.

ನನ್ನ ಉದ್ಯೋಗವೂ ಈ ಸ್ವಭಾವಕ್ಕೆ ನೀರೆರೆಯುವಂಥದೇ. ನಾನು ವಿಮೆಯ ಏಜೆಂಟ. ಜನರು ತಮ್ಮ ಮನೆಯ ಜಗಲಿಯಲ್ಲಿ ಕೂತು ಬೆಲ್ಲ-ನೀರು ಕೊಟ್ಟು, ನೆಮ್ಮದಿಯಾಗಿ ಎಲೆಯಡಿಕೆ ಹಾಕುತ್ತಿರುವಾಗ, ಅವರು ಸಾಯಬಹುದಾದ ಬಗೆಗಳನ್ನು ನೋವಾಗದ ಹಾಗೆ ವಿವರಿಸುವುದು ನನ್ನ ಕಸುಬು. ಅವರು ಸಹಿ ಹಾಕಿ ಅದನ್ನು ಮರೆತುಬಿಡುತ್ತಿದ್ದರು. ನಾನು ಆ ಸಾವುಗಳನ್ನೆಲ್ಲ ಹೊತ್ತುಕೊಂಡು ನರಿಮೊಗರಿನಿಂದ ಕಾಣಿಯೂರಿಗೆ, ಕಾಣಿಯೂರಿನಿಂದ ಕಡಬಕ್ಕೆ, ಇನ್ನೊಂದು ದಿನ ಸುಳ್ಯ ದಾಟಿ ಅರಂತೋಡಿಗೆ, ಬೈಕಿನಲ್ಲಿ ಹೋಗುತ್ತಿದ್ದೆ. ಹೋಗುತ್ತಿದ್ದೆ ಎಂದರೆ, ಬೈಕು ಬೀಳದಿರಲು ಎಷ್ಟು ವೇಗ ಬೇಕೋ ಅಷ್ಟರಲ್ಲಿ. ಅರಂತೋಡಿನ ಹತ್ತಿರ ಒಮ್ಮೆ ಸೈಕಲಿನಲ್ಲಿ ಮೀನು ಮಾರುವವನೊಬ್ಬ ನನ್ನನ್ನು ಹಿಂದೆ ಹಾಕಿದ. ಇಳಿಜಾರಿನಲ್ಲಿ ಆಗಿದ್ದರೆ ನಾನು ಅದನ್ನು ಇಲ್ಲಿ ಬರೆಯುತ್ತಿರಲಿಲ್ಲ.

ಇಂಥ ನನ್ನನ್ನು ಬೈಕುಗಳ ರೇಸಿಗೆ ತೀರ್ಪುಗಾರನನ್ನಾಗಿ ಮಾಡಿದರು ಎಂದರೆ ಓದುಗರು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಈಗ ಏಳೆಂಟು ವರ್ಷಗಳ ಹಿಂದಿನ ಮಾತು. ಕಾಣಿಯೂರಿನ ಕಡೆ ಮಹಾಬಲ ರೈಗಳು ಎಂಬ ದೊಡ್ಡ ಕೃಷಿಕರು. ಪ್ರಾಯದಲ್ಲಿ ಕಂಬಳಕ್ಕೆ ಕೋಣ ಕಟ್ಟಿದವರು, ಆಮೇಲೆ ಕಂಬಳಗಳಲ್ಲಿ ತೀರ್ಪು ಹೇಳಿದವರು. ಊರಿನ ಯುವಕ ಮಂಡಲದವರು ಹೋಗಿ, "ನಮಗೆ ಬೈಕಿನ ರೇಸು ಮಾಡ್ಲಿಕ್ಕೆ ಒಂದು ಗದ್ದೆ ಬೇಕಿತ್ತು" ಎಂದು ಕೇಳಿದಾಗ ರೈಗಳು ಹಿಂದೆಮುಂದೆ ನೋಡಲಿಲ್ಲ. ಕೊಯ್ಲಾದ ಮೂರು ಗದ್ದೆಗಳ ನಡುವಿನ ಹುಣಿಗಳನ್ನು ಕಡಿಸಿ ಒಂದೇ ಮೈದಾನ ಮಾಡಿಸಿ, ತಾವೇ ಅಧ್ಯಕ್ಷರೂ ಆದರು. ಅವರ ಸೋದರಳಿಯನೊಬ್ಬ ಮದ್ರಾಸಿನಲ್ಲಿ ಓದುತ್ತಿದ್ದವನು ಅಲ್ಲಿನ ದೊಡ್ಡ ರೇಸುಗಳ ನಿಯಮದ ಇಂಗ್ಲಿಷ್ ಪುಸ್ತಕವೊಂದನ್ನು ತಂದುಕೊಟ್ಟಿದ್ದ. ಅದನ್ನು ಓದಿ ನಮ್ಮ ಗದ್ದೆಗೆ ಹೊಂದುವಂತೆ ನಿಯಮ ಬರೆಯುವವರು ಯಾರು ಎಂದು ಪ್ರಶ್ನೆ ಬಂದಾಗ ರೈಗಳು ನನಗೆ ಹೇಳಿಕಳಿಸಿದರು.

"ನನಗೆ ರೇಸಿನ ಬಗ್ಗೆ ಎಂತ ಗೊತ್ತುಂಟು ರೈಗಳೆ?" ಎಂದೆ.

"ರೇಸು ಹುಡುಗರಿಗೆ ಗೊತ್ತುಂಟು ಏಜೆಂಟರೆ. ಬೀಳುದು ಹೇಗೆ ಅಂತ ನಿಮ್ಮಷ್ಟು ಆಲೋಚನೆ ಮಾಡಿದವರು ಈ ಸುತ್ತಿನಲ್ಲಿ ಯಾರೂ ಇಲ್ಲ" ಎಂದರು ಅವರು.

ಹೊಗಳಿಕೆಯೋ ತೆಗಳಿಕೆಯೋ ಎಂದು ನಿರ್ಧರಿಸುವಷ್ಟರಲ್ಲಿ ಪುಸ್ತಕ ನನ್ನ ಕೈಯಲ್ಲಿತ್ತು.

ಆ ಪುಸ್ತಕ ನನ್ನ ಜೀವನದ ಮೇಲೆ ಬಾಂಬು ಹಾಕಿತು. ಒಣಗಿದ ಗಟ್ಟಿ ದಾರಿಯಲ್ಲಿ ಓಡುವ ದೊಡ್ಡ ರೇಸುಗಳಲ್ಲಿ ಅವರು ಬಳಸುವುದು ಒಂದು ಗೆರೆಯೂ ಇಲ್ಲದ, ಹುಟ್ಟಿನಿಂದಲೇ ಬೋಳಾದ ಟಯರುಗಳನ್ನಂತೆ! ಗೆರೆ ಇಲ್ಲದಷ್ಟು ರಬ್ಬರು ನೆಲವನ್ನು ಹೆಚ್ಚು ಅಪ್ಪಿಕೊಳ್ಳುತ್ತದೆ, ಹಿಡಿತ ಹೆಚ್ಚು. ಗೆರೆಗಳು ಇರುವುದು ನೀರನ್ನು ಹೊರಗೆ ತಳ್ಳುವುದಕ್ಕೆ ಮಾತ್ರ; ನೀರಿಲ್ಲದಿದ್ದರೆ ಅವು ಬರೀ ತೂತುಗಳು. ನಾನು ಹದಿನೈದು ವರ್ಷ ಬೋಳು ಟಯರಿಗೆ ಹೆದರಿ ನಿದ್ದೆ ಕೆಡಿಸಿಕೊಂಡವನು. ಮನೆಗೆ ಬಂದು ಹೆಂಡತಿ ಸರೋಜಳಿಗೆ ಇದನ್ನು ಹೇಳಿದೆ. ಅವಳು ಅಕ್ಕಿ ಆರಿಸುತ್ತ, "ಹಾಗಾದರೆ ಇಷ್ಟು ವರ್ಷ ಹೆದರಿದ್ದು ದಂಡ" ಎಂದಳು. ಅಷ್ಟು ಸುಲಭವಾಗಿ ನನ್ನ ಹೆದರಿಕೆಯನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಮಳೆ ಬಂದರೆ ಬೋಳು ಟಯರು ಸೋಪಿನ ಬಿಲ್ಲೆ ಎಂದೂ ಪುಸ್ತಕದಲ್ಲಿತ್ತಲ್ಲ! ನಮ್ಮಲ್ಲಿ ವರ್ಷಕ್ಕೆ ಆರು ತಿಂಗಳು ಮಳೆ. ಅಂದರೆ ನನ್ನ ಹೆದರಿಕೆ ಕನಿಷ್ಠ ಅರ್ಧ ವರ್ಷ ಸರಿಯಾದದ್ದೇ.

ಪುಸ್ತಕದ ತೊಂದರೆ ಬೇರೆ ಇತ್ತು. ಅದರ ಪ್ರಕಾರ ರೇಸು ಶುರುವಾಗುವ ಮೊದಲು ಒಬ್ಬ ಅಧಿಕಾರಿ ಇದು 'ಒಣ ರೇಸು' ಅಥವಾ 'ಒದ್ದೆ ರೇಸು' ಎಂದು ಸಾರಬೇಕು. ಒಣ ಎಂದರೆ ಮಳೆ ಬಂದ ಕೂಡಲೇ ನಿಲ್ಲಿಸಬೇಕು. ಒದ್ದೆ ಎಂದರೆ ಆಕಾಶ ಕಳಚಿ ಬಿದ್ದರೂ ನಿಲ್ಲಿಸುವ ಹಾಗಿಲ್ಲ. ಮಳೆ ಬರುತ್ತದೆ ಎಂದು ಮೊದಲೇ ಹೇಳಿದ್ದೇವಲ್ಲ, ಅದಕ್ಕೆ ತಕ್ಕ ಟಯರು ಹಾಕಿಕೊಳ್ಳುವುದು ಸವಾರನ ಜವಾಬ್ದಾರಿ. ಒಣ, ಒದ್ದೆ, ಎರಡೇ. ಆ ಪುಸ್ತಕ ಬರೆದವರು ದೀಪಾವಳಿಯ ಹೊತ್ತಿಗೆ ಕಾಣಿಯೂರಿಗೆ ಬಂದವರಲ್ಲ. ಆಗ ನಮ್ಮಲ್ಲಿ ಬೆಳಗ್ಗೆ ಮಂಜು, ಮಧ್ಯಾಹ್ನ ಸುಡುವ ಬಿಸಿಲು, ಸಂಜೆಗೆ ಘಟ್ಟದಿಂದ ಗುಡುಗು ಸಮೇತ ಮಳೆ. ನೆಲ ಯಾವಾಗ ನೋಡಿದರೂ ಪಸೆ: ಒದ್ದೆ ಎನ್ನುವಷ್ಟು ಒದ್ದೆಯಲ್ಲ, ಒಣ ಎನ್ನುವಷ್ಟು ಒಣಗಿದ್ದಲ್ಲ. ಈ ಪಸೆಗೆ ಯಾವ ನಿಯಮ? ನಾನು ಮೂರು ದಿನ ಮಂಡೆ ಬಿಸಿ ಮಾಡಿಕೊಂಡೆ. ಆಲೋಚಿಸಿದರೆ ನಮ್ಮ ಬದುಕಿನ ಹೆಚ್ಚಿನ ದಿನಗಳೆಲ್ಲ ಪಸೆಯ ದಿನಗಳೇ. ದೊಡ್ಡ ಸುಖವೂ ಅಲ್ಲ, ದೊಡ್ಡ ದುಃಖವೂ ಅಲ್ಲ. ಯಾವ ಟಯರು ಹಾಕಿಕೊಂಡು ಹೊರಡಬೇಕೆಂದೇ ಗೊತ್ತಾಗುವುದಿಲ್ಲ. ಜಾರಿದ ಮೇಲೆ ಮಾತ್ರ ಎಲ್ಲರೂ ಬಂದು, ಇನ್ನೊಂದನ್ನು ಹಾಕಬೇಕಿತ್ತು ಎನ್ನುತ್ತಾರೆ.

ಸಮಿತಿಯ ಸಭೆ ರೈಗಳ ಜಗಲಿಯಲ್ಲಿ ನಡೆಯಿತು. ನಮ್ಮ ಕಡೆಯ ಬುದ್ಧಿವಂತಿಕೆಯೆಲ್ಲ ಆ ದಿನ ಹೊರಗೆ ಬಂತು. ಮಳೆಗಾಲದಲ್ಲಿ ಕೆಸರಿನ ದಾರಿ ಹತ್ತಲು ಜೀಪಿನ ಟಯರಿಗೆ ಕಬ್ಬಿಣದ ಚೈನು ಸುತ್ತುತ್ತಾರಲ್ಲ, ಹಾಗೆ ಬೈಕಿಗೂ ಸುತ್ತಬಹುದೇ ಎಂದು ಒಬ್ಬ ಕೇಳಿದ. ಚೈನು ತುಂಡಾಗಿ ಹಿಂದಿನವನ ಮುಖಕ್ಕೆ ಹಾರುವ ಚಿತ್ರ ನನ್ನ ಕಣ್ಣ ಮುಂದೆ ಬಂದು ನಾನು ಕೂತಲ್ಲೇ ಬೆವರಿದೆ. ಚೈನು ಬೇಡವಾದರೆ ತೆಂಗಿನ ನಾರಿನ ಹಗ್ಗ ಆಗಬಹುದಲ್ಲ ಎಂದು ಇನ್ನೊಬ್ಬ. ಹಗ್ಗ ಬಿಚ್ಚಿ ಚಕ್ರಕ್ಕೆ ಸುತ್ತಿಕೊಂಡರೆ? ಅದೂ ಬೇಡ. ಆಮೇಲೆ ಸುಳ್ಯದಲ್ಲಿ ಬಾಡಿಗೆ ಜೀಪು ಓಡಿಸುವ ಅಬ್ಬು ಎದ್ದು ನಿಂತ. ಅವನೂ ಸ್ಪರ್ಧಿ, ಎಲ್ಲರಿಗಿಂತ ಗಟ್ಟಿಗ. ಅವನ ಟಯರು ಪೂರ್ತಿ ಬೋಳಾಗಿತ್ತು. ಕುರಿಯನ್ ಚೇಟ್ಟನ ಕೈಯಲ್ಲಿ ಅದಕ್ಕೆ ಹೊಸ ಗೆರೆ ಹಾಕಿಸಿದ್ದ. ಈ ಕುರಿಯನ್ ಚೇಟ್ಟ (ಚೇಟ್ಟ ಎಂದರೆ ಮಲಯಾಳದಲ್ಲಿ ಅಣ್ಣ) ಕಡಬದ ಕಡೆಯ ರಬ್ಬರು ತೋಟವೊಂದರಲ್ಲಿ ಹಾಲು ತೆಗೆಯುವವರು, ಇಪ್ಪತ್ತು ವರ್ಷಗಳಿಂದ ಮರದ ತೊಗಟೆಯನ್ನು ಕೂದಲೆಳೆಯಷ್ಟು ತೆಳುವಾಗಿ ಕೆತ್ತಿದ ಕೈ. ಅದೇ ಕತ್ತಿಯಲ್ಲಿ ಅವರು ಟಯರಿನ ಮೇಲೆ ಓರೆಯಾಗಿ ಗೆರೆ ಕೆತ್ತಿದ್ದರು, ಮರದಲ್ಲಿ ಹಾಲು ಇಳಿದು ತೆಂಗಿನ ಗೆರಟೆಗೆ ಬೀಳಲಿಕ್ಕೆ ಹಾಕುವ ಅದೇ ಓರೆ.

"ಮರದಿಂದ ಬಂದ ರಬ್ಬರಿಗೆ ಪುನಃ ಮರದ ಗೆರೆ. ಇದರಲ್ಲಿ ತಪ್ಪೆಂತ ಏಜೆಂಟರೇ?" ಎಂದ ಅಬ್ಬು.

ರೈಗಳು ಟಯರನ್ನು ಜಗಲಿಗೆ ತರಿಸಿ, ಕನ್ನಡಕ ಹಾಕಿ, ಕೋಣದ ಬಾಯಿ ತೆರೆದು ಹಲ್ಲು ನೋಡುವ ಗಾಂಭೀರ್ಯದಲ್ಲಿ ಪರೀಕ್ಷಿಸಿ, "ಆಗಬಹುದು" ಎಂದರು. ಆದರೆ ದಪ್ಪ ಗಡ್ಡೆಗಳಿರುವ ಟಯರು ಮಾತ್ರ ಒಣ ನೆಲದಲ್ಲಿ ಬೇಡವೆಂದರು. ಅದು ಹೆಂಟೆ ಕಿತ್ತು ಹಿಂದಿನವರಿಗೆ ಎಸೆಯುತ್ತದೆ, ರೈಗಳ ಗದ್ದೆಯನ್ನೂ ಅಗೆಯುತ್ತದೆ. ಹಾಗೆಂದು ನೆಲ ಒದ್ದೆಯಾದರೆ ಅದೇ ಬೇಕು. ಕೊನೆಗೆ ಹೀಗೆ ಬರೆದೆವು: ಒಣ ರೇಸು ಎಂದು ಸಾರಿದರೆ ಎಲ್ಲರಿಗೂ ಸಾಮಾನ್ಯ ಟಯರು, ಗೆರೆ ಕೆತ್ತಿದ್ದೂ ಆದೀತು, ಮಳೆ ಬಂದರೆ ನಿಲ್ಲಿಸುವುದು, ನಿಲ್ಲಿಸಿದಾಗ ಅದರ ಹಿಂದಿನ ಪೂರ್ತಿ ಸುತ್ತಿನಲ್ಲಿ ಯಾರು ಮುಂದಿದ್ದರೋ ಅವರೇ ಗೆದ್ದ ಹಾಗೆ. ಒದ್ದೆ ಎಂದು ಸಾರಿದರೆ ಗಡ್ಡೆ ಟಯರು ಹಾಕಬಹುದು, ಏನೇ ಆದರೂ ನಿಲ್ಲಿಸುವ ಹಾಗಿಲ್ಲ.

"ಮಳೆ ಬಂದರೆ ಅಂದರೆ ಎಷ್ಟು ಮಳೆ?" ಎಂದು ನಾನು ಕೇಳಿದೆ. ಇಂಥ ಪ್ರಶ್ನೆ ನನಗೆ ಬಿಟ್ಟರೆ ಯಾರಿಗೂ ಹೊಳೆಯುವುದಿಲ್ಲ.

ಎಲ್ಲರೂ ಅಬ್ಬುವಿನ ಜೊತೆ ಬಂದು ಜಗಲಿಯ ತುದಿಯಲ್ಲಿ ಕೂತಿದ್ದ ಕುರಿಯನ್ ಚೇಟ್ಟನ ಮುಖ ನೋಡಿದರು. ಪಸೆಯ ವಿಷಯದಲ್ಲಿ ಅವರಿಗಿಂತ ದೊಡ್ಡ ಅಧಿಕಾರಿ ನಮ್ಮಲ್ಲಿ ಇರಲಿಲ್ಲ. ತೊಗಟೆ ಒದ್ದೆ ಇದ್ದರೆ ಮರ ಕೆತ್ತುವ ಹಾಗಿಲ್ಲ, ಹಾಲು ಗೆರೆ ಬಿಟ್ಟು ಮೈತುಂಬ ಹರಿದು ಹಾಳಾಗುತ್ತದೆ. ಆದ್ದರಿಂದ ಅವರು ದಿನಾ ಬೆಳಗ್ಗೆ ಮೊದಲು ಮಾಡುವ ಕೆಲಸ ತೊಗಟೆಗೆ ಅಂಗೈ ಇಟ್ಟು ನೋಡುವುದು.

"ಒಂದು ಹನಿ ಸಾರೇ" ಎಂದರು ಅವರು. "ನಾವು ಎರಡನೇ ಹನಿಗೆ ಕಾಯುದಿಲ್ಲ. ಒಂದು ಹನಿ ಬಿತ್ತಾ, ಬಕೆಟು ಹಿಡ್ಕೊಂಡು ಓಡುದೇ. ಕಾದರೆ ಹಾಲೆಲ್ಲ ನೀರು."

ನನಗೆ ಆ ಮಾತು ಬಹಳ ಹಿಡಿಸಿತು. ಜೋರು ಮಳೆಗಿಂತ ಮೊದಲ ಹನಿಗಳೇ ಮೇಲಿನ ಧೂಳನ್ನು ಲೋಳೆ ಮಾಡಿ ಹೆಚ್ಚು ಜಾರಿಸುತ್ತವೆ ಎಂದು ಪುಸ್ತಕದಲ್ಲೂ ಇತ್ತು. "ಒಂದು ಹನಿ ಬಿದ್ದರೂ ನಿಲ್ಲಿಸತಕ್ಕದ್ದು" ಎಂದು ಬರೆದು ಕೆಳಗೆ ಗೆರೆ ಎಳೆದೆ. ಹೀಗೆ ರಬ್ಬರಿನ ಹಾಲಿಗೆ ಇದ್ದ ನಿಯಮ ರಬ್ಬರಿನ ಟಯರಿಗೂ ಬಂತು. ಒಣವೋ ಒದ್ದೆಯೋ ಎಂದು ಸಾರುವ, ಹನಿ ಬಿದ್ದರೆ ಕೆಂಪು ಬಟ್ಟೆ ತೋರಿಸುವ ಅಧಿಕಾರ ಯಾರಿಗೆ ಎಂದಾಗ ಎಲ್ಲರೂ ನನ್ನನ್ನೇ ತೋರಿಸಿದರು.

ಇನ್ನು ಜಯನ ವಿಷಯ ಹೇಳಬೇಕು. ಜಯ ಸರೋಜಳ ಒಬ್ಬನೇ ತಮ್ಮ, ಅರಂತೋಡಿನವನು, ಆಗ ಇಪ್ಪತ್ಮೂರು ವರ್ಷ. ಸುಳ್ಯದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಹುಟ್ಟಿನಿಂದಲೂ ಅವನು ಎರಡನೆಯವನು. ಶಾಲೆಯ ಓಟದಲ್ಲಿ ಎರಡನೆಯವನು, ಈಜಿನಲ್ಲಿ ಎರಡನೆಯವನು, ಅವನು ಮದುವೆಯಾಗಬೇಕೆಂದು ನೋಡಿಕೊಂಡಿದ್ದ ಹುಡುಗಿಗೆ ಬಂದ ಸಂಬಂಧಗಳಲ್ಲಿಯೂ ಎರಡನೆಯವನು. ಸ್ನೇಹಿತರು ಅವನನ್ನು 'ಸೆಕೆಂಡ್ ಜಯ' ಎಂದೇ ಕರೆಯುತ್ತಿದ್ದರು. ಅವನು ನಗುತ್ತಿದ್ದ, ಆದರೆ ಆ ನಗೆಯಲ್ಲಿ ದಿನದಿನಕ್ಕೆ ಒಂದೊಂದು ಗೆರೆ ಸವೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಅವನೂ ಹೆಸರು ಕೊಟ್ಟಿದ್ದ ಈ ರೇಸಿನಲ್ಲಿ ಮೊದಲ ಬಹುಮಾನ ಒಂದು ಹೊಸ ಟಯರು. ಅವನಿಗೆ ಟಯರು ಬೇಡ, ಒಮ್ಮೆ ಮೊದಲನೆಯವನಾಗಬೇಕಿತ್ತು.

ರೇಸಿನ ಹಿಂದಿನ ದಿನ ಅವನು ನಮ್ಮ ಮನೆಗೆ ಬಂದ. ನನ್ನ ಬೈಕಿಗೆ ನಾನು ಆ ಮಳೆಗಾಲದಲ್ಲಿ ಗಡ್ಡೆ ಟಯರು ಹಾಕಿಸಿದ್ದೆ, ಹೊಚ್ಚ ಹೊಸದು. ಅವನು ಅದರ ಗಡ್ಡೆಗಳ ನಡುವೆ ಬೆರಳು ಹಾಕಿ ನೋಡುತ್ತ, "ಭಾವ, ಇದನ್ನು ನಾಳೆಗೆ ಕೊಡ್ತೀರಾ? ನೀವು ಒದ್ದೆ ಅಂತ ಹೇಳಿದ್ರೆ ಆಯ್ತು. ಅಬ್ಬು ಅವನ ಕೆತ್ತಿದ ಟಯರಿನಲ್ಲಿ ನನ್ನ ಧೂಳನ್ನೂ ಕಾಣ್ಲಿಕ್ಕಿಲ್ಲ" ಎಂದ.

"ಒದ್ದೆಯಲ್ಲಿ ಧೂಳು ಏಳುದಿಲ್ಲ ಮಾರಾಯ" ಎಂದೆ, ವಿಷಯ ತಪ್ಪಿಸಲು.

ಒಳಗಿನಿಂದ ಸರೋಜ ಬಂದಳು. ಅವಳಿಗೆ ಸಿಟ್ಟು ಬಂದಾಗ ತವರಿನ ಅರೆಭಾಷೆ ತಾನಾಗಿ ಬರುತ್ತದೆ, 'ಉಂಟು' ಹೋಗಿ 'ಉಟ್ಟು' ಆಗುತ್ತದೆ. "ಒದ್ದೆ ಅಂತ ಹೇಳಿದರೆ ಮಳೆ ಬಂದರೂ ನಿಲ್ಲಿಸುವ ಹಾಗಿಲ್ಲ ಅಲ್ವಾ? ಎಂಥ ಉಟ್ಟು ನಿಮ್ಮ ತಲೆಲಿ?" ಎಂದಳು. ಆಮೇಲೆ ಅವನು ಕೈ ತೊಳೆಯಲು ಹೋದಾಗ ಮೆಲ್ಲಗೆ ನನಗೆ, "ನನಗೆ ಇರುದು ಅವನೊಬ್ಬನೇ ತಮ್ಮ. ಅವನು ಮೊದಲು ಬರುದು ಬೇಡ, ಇಡಿಯಾಗಿ ಬಂದರೆ ಸಾಕು" ಎಂದಳು.

ಒದ್ದೆ ಎಂದರೆ ಜಯನಿಗೆ ಗೆಲುವು. ಮಳೆ ಬಂದರೆ ಎಲುಬು ಮುರಿತ. ಒಣ ಎಂದರೆ ಎಲುಬು ಭದ್ರ. ಜಯ ಮತ್ತೆ ಎರಡನೆಯವನು. ಒದ್ದೆ ಎಂದರೆ, ಹೆಂಡತಿಯ ತಮ್ಮನಿಗೆ ತನ್ನದೇ ಟಯರು ಕೊಟ್ಟು ತನ್ನದೇ ಬಾಯಿಂದ ಒದ್ದೆ ಹೇಳಿದ ಏಜೆಂಟ ಎಂದು ಊರು ಆಡಿಕೊಳ್ಳುತ್ತದೆ. ಒಣ ಎಂದರೆ ಜಯ ಆಡಿಕೊಳ್ಳುತ್ತಾನೆ. ಇಡೀ ಮದ್ರಾಸಿನ ಪುಸ್ತಕದಲ್ಲಿ ಭಾವಮೈದುನರ ಬಗ್ಗೆ ಒಂದು ಸಾಲು ಇರಲಿಲ್ಲ.

ರೇಸಿನ ದಿನ ಹತ್ತು ಗಂಟೆಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹಿಂದಿನ ಸಂಜೆ ಮಳೆ ಬಂದಿತ್ತು. ಘಟ್ಟದ ಕಡೆ ಮಾತ್ರ ಒಂದೇ ಒಂದು ಮೋಡ, ಬಂದ ಕೆಲಸ ಮರೆತವರ ಹಾಗೆ ನಿಂತಿತ್ತು. ಉಳಿದವರೆಲ್ಲ ಗದ್ದೆ ನೋಡುತ್ತಿದ್ದರೆ ನಾನು ಆ ಮೋಡವನ್ನು ನೋಡುತ್ತಿದ್ದೆ. ಮುಂಜಾಗ್ರತೆಗಾಗಿ ನಾನು ಮೊಣಕಾಲು ದಾಟುವ ರೈನ್‌ಕೋಟು ಹಾಕಿಕೊಂಡೇ ಬಂದಿದ್ದೆ. ನನ್ನ ಹೆಲ್ಮೆಟನ್ನು ಜಯನಿಗೆ ಕೊಟ್ಟಿದ್ದರಿಂದ, ಹಾರುವ ಹೆಂಟೆಗಳಿಂದ ರಕ್ಷಣೆಗೆಂದು ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದೆ. ರೈಗಳು ನೋಡಿ, "ಏಜೆಂಟರೆ, ಮಡಿಕೇರಿಗೆ ಹೊರಟದ್ದಾ?" ಎಂದರು. ಕೈಯಲ್ಲಿ ಕೆಂಪು ಬೈರಾಸು. ಅದು ರೈಗಳ ಮನೆಯದೇ, ಮೈ ಒರಸುವ ಬೈರಾಸು; ಬೇರೆ ಕೆಂಪು ಬಟ್ಟೆ ಸಿಕ್ಕಿರಲಿಲ್ಲ.

ಸಾರುವ ಹೊತ್ತು ಬಂತು. ನಾನು ಕುರಿಯನ್ ಚೇಟ್ಟನನ್ನು ಕರೆದೆ. ಅವರು ಗದ್ದೆಯ ನಾಲ್ಕು ಕಡೆ ಕೂತು ಕೂತು ಅಂಗೈ ಒತ್ತಿ ನೋಡಿ, "ಒದ್ದೆಯೂ ಅಲ್ಲ ಸಾರೇ, ಒಣವೂ ಅಲ್ಲ. ಮರ ಆಗಿದ್ದರೆ ನಾನು ಒಂದು ಬೀಡಿ ಎಳೆದು ಕಾಯ್ತಿದ್ದೆ" ಎಂದರು.

"ಕಾದರೆ ಎಂತಾಗ್ತದೆ?"

"ಬೀಡಿ ಮುಗೀತದೆ."

ಜಯ ನನ್ನಿಂದ ಬಿಡದೆ ಕೇಳಿ ಒಯ್ದಿದ್ದ ಗಡ್ಡೆ ಟಯರನ್ನು ಮರವೊಂದಕ್ಕೆ ಒರಗಿಸಿ, ಸ್ಪ್ಯಾನರು ಹಿಡಿದು, ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ. ಹೆಲ್ಮೆಟಿನ ಒಳಗೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಅಬ್ಬು ಚಕ್ರದಿಂದ ಒಂದಷ್ಟು ಗಾಳಿ ಬಿಟ್ಟು, ಟಯರು ನೆಲಕ್ಕೆ ಚೆನ್ನಾಗಿ ಕೂರಲೆಂದು ಒತ್ತಿ ನೋಡುತ್ತಿದ್ದ. "ಹೇಳಿ ಏಜೆಂಟರೇ, ಮಧ್ಯಾಹ್ನದ ಬಾಡಿಗೆ ಉಂಟು ನನಗೆ" ಎಂದ. ನನ್ನ ಬಾಯಿಂದ "ಒಣ" ಎಂದು ಬಂತು. ಅದು ನ್ಯಾಯದಿಂದ ಬಂತೇ, ಜನ ಏನೆಂದಾರೆಂಬ ಹೆದರಿಕೆಯಿಂದ ಬಂತೇ, ಸರೋಜಳಿಂದ ಬಂತೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ತೀರ್ಮಾನ ಎಂದು ಕರೆಯುವುದರಲ್ಲಿ ಹೆಚ್ಚಿನವು ಹೀಗೆ ಬಾಯಿಂದ ಜಾರಿದವು ಎಂದು ನನ್ನ ಅನುಮಾನ. ಜಯ ಸ್ಪ್ಯಾನರನ್ನು ಕೆಳಗಿಟ್ಟ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಹತ್ತು ಸುತ್ತಿನ ರೇಸು. ಎಂಟು ಬೈಕುಗಳು ಒಟ್ಟಿಗೆ ಶಬ್ದ ಮಾಡಿದಾಗ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹೋದವು, ನನಗೂ ಹೋಗಬೇಕೆನಿಸಿತು. ಮೊದಲ ಸುತ್ತಿನಲ್ಲೇ ಅಬ್ಬು ಮುಂದೆ. ಕುರಿಯನ್ ಚೇಟ್ಟನ ಓರೆ ಗೆರೆಗಳು ಪಸೆಯನ್ನು ಮರದ ಹಾಲಿನಂತೆ ಒಂದು ಕಡೆಗೆ ಇಳಿಸುತ್ತಿದ್ದವು. ತಿರುವಿನಲ್ಲಿ ಬೇರೆಯವರು ಕಾಲೂರಿ ಒದ್ದಾಡುತ್ತಿದ್ದರೆ ಅವನು ಸಲೀಸಾಗಿ ತಿರುಗಿಸುತ್ತಿದ್ದ. ಜಯ ಎರಡನೆಯವನು. ಜನ ಒಕ್ಕೊರಲಿನಲ್ಲಿ "ಸೆಕೆಂಡ್! ಸೆಕೆಂಡ್!" ಎಂದು ಕೂಗತೊಡಗಿದರು. ಆದರೆ ನನ್ನ ಭಾವಮೈದುನ ಆ ದಿನ ಒಂದು ವಿಷಯ ಕಂಡುಕೊಂಡಿದ್ದ. ಎಲ್ಲರೂ ಓಡಿ ಓಡಿ ನುಣುಪಾದ ಜಾಡನ್ನು ಬಿಟ್ಟು ಅವನು ಗದ್ದೆಯ ಅಂಚಿನಲ್ಲಿ ಬಂದ. ಅಲ್ಲಿ ಕೊಯ್ದ ಪೈರಿನ ಬುಡಗಳು ಇನ್ನೂ ಉಳಿದಿದ್ದವು, ಸಾಮಾನ್ಯ ಟಯರಿಗೂ ಅವು ಹಿಡಿತ ಕೊಡುತ್ತಿದ್ದವು. ದಾರಿ ಉದ್ದ, ಆದರೆ ಜಾರುವುದಿಲ್ಲ. ಸುತ್ತಿನಿಂದ ಸುತ್ತಿಗೆ ಅವನು ಹತ್ತಿರ ಬಂದ. ಒಂಬತ್ತನೆಯ ಸುತ್ತಿನ ನಡುವೆ, ದೂರದ ತಿರುವಿನಲ್ಲಿ, ನನ್ನ ಹೆಲ್ಮೆಟು ಅಬ್ಬುವನ್ನು ದಾಟಿ ಮುಂದೆ ಹೋದದ್ದನ್ನು ನಾನೇ ಕಣ್ಣಾರೆ ನೋಡಿದೆ. ಕೂಗುತ್ತಿದ್ದವರು ಈಗ ಏನೆಂದು ಕೂಗಬೇಕೆಂದು ಪಕ್ಕದವರನ್ನು ಕೇಳಿದರು.

ಆ ಕ್ಷಣದಲ್ಲಿ ನನ್ನ ಮುಂಗೈಯ ಮೇಲೆ ಒಂದು ಹನಿ ಬಿತ್ತು.

ನಾನು ಆಲೋಚನೆ ಮಾಡಲಿಲ್ಲ. ಜೀವನವಿಡೀ ಆಲೋಚನೆ ಮಾಡಿದವನು ಆ ಒಂದು ಸಲ ಆಲೋಚನೆ ಮಾಡಲಿಲ್ಲ. ಕೆಂಪು ಬೈರಾಸು ಎತ್ತಿ ಬೀಸಿದೆ. ಬೈಕುಗಳು ಒಂದೊಂದಾಗಿ ನಿಂತವು. ಎರಡನೆಯ ಹನಿ ನಿಯಮದ ಕಾಗದದ ಮೇಲೆ ಬಿತ್ತು. ನಾನು ಮೇಲೆ ನೋಡಿದೆ. ಆಕಾಶ ನೀಲಿ. ಘಟ್ಟದ ಮೋಡವೂ ಎಲ್ಲೋ ಹೋಗಿತ್ತು. ಮೂರನೆಯ ಹನಿ ನನ್ನ ಮೂಗಿನ ತುದಿಯಿಂದ ಹೊರಡುವುದನ್ನು ನಾನು ಸ್ಪಷ್ಟವಾಗಿ ಅನುಭವಿಸಿದೆ. ಉಣ್ಣೆಯ ಟೋಪಿಯೊಳಗಿನ ಬೆವರು.

ಪಕ್ಕದಲ್ಲಿದ್ದ ಕುರಿಯನ್ ಚೇಟ್ಟ ನನ್ನ ಮುಂಗೈಗೆ ಒಂದು ಬೆರಳು ಮುಟ್ಟಿಸಿ ನೋಡಿದರು. "ಮಳೆಯ ಹನಿ ತಣ್ಣಗಿರ್ತದೆ ಸಾರೇ" ಎಂದರು, ನನಗೆ ಮಾತ್ರ ಕೇಳುವ ಹಾಗೆ.

ಅಷ್ಟರಲ್ಲಿ ರೈಗಳು ಬಂದರು. ಹಿಂದೆಯೇ ಇಡೀ ಊರು. "ಮಳೆ ಎಲ್ಲಿ ಮಾರಾಯ್ರೆ?" ಎಂದರು. ನಾನು ಕೈ ಮುಂದೆ ಚಾಚಿದೆ. ಈಗ ಹೇಳಿಬಿಡಬಹುದಿತ್ತು. ಹೇಳಿದರೆ ರೇಸು ಮತ್ತೆ ಶುರುವಾಗುತ್ತಿತ್ತೋ, ಜಯ ಗೆಲ್ಲುತ್ತಿದ್ದನೋ ಗೊತ್ತಿಲ್ಲ. ಬೆವರಿಗೆ ಬೈರಾಸು ಎತ್ತಿದ ಏಜೆಂಟ ಎಂದು ನನ್ನ ಮೊಮ್ಮಕ್ಕಳವರೆಗೆ ಹೇಳುತ್ತಿದ್ದರು ಎಂಬುದು ಮಾತ್ರ ಗೊತ್ತಿತ್ತು. ನನ್ನ ನಾಲಗೆ ಒಣಗಿತ್ತು. ಇಡೀ ಮೈಯಲ್ಲಿ ಒಣಗಿದ್ದು ಅದೊಂದೇ. ರೈಗಳು ನನ್ನನ್ನು ಬಿಟ್ಟು ಅತ್ತ ತಿರುಗಿ, "ಕುರಿಯನ್, ಹನಿ ಬಿದ್ದದ್ದು ಹೌದಾ?" ಎಂದು ಕೇಳಿದರು.

ಕುರಿಯನ್ ಚೇಟ್ಟ ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು, ಸುಳ್ಳು ಹೇಳುವವರಲ್ಲ. "ಸಾರಿನ ಕೈ ಒದ್ದೆ ಉಂಟು" ಎಂದರು.

ನಿಯಮದ ಪ್ರಕಾರ ಎಂಟನೆಯ ಸುತ್ತಿನ ಲೆಕ್ಕ. ಅಬ್ಬು ಮೊದಲು, ಜಯ ಎರಡನೆಯವನು. ಅಬ್ಬುವಿಗೆ ಹೊಸ ಟಯರು. ಎರಡನೆಯ ಬಹುಮಾನವಾಗಿ ಜಯನಿಗೆ ಸಿಕ್ಕಿದ್ದು ಪಂಕ್ಚರು ಹಾಕುವ ಸಾಮಾನಿನ ಒಂದು ಡಬ್ಬಿ. ಅವನು ನನ್ನ ಹತ್ತಿರ ಬಂದು ಹೆಲ್ಮೆಟು ಬಿಚ್ಚಿ ಕೈಗೆ ಕೊಟ್ಟು, "ಭಾವ, ಹನಿ ಬಿದ್ದದ್ದು ಹೌದಾ?" ಎಂದು ಒಂದೇ ಮಾತು ಕೇಳಿದ. "ಹೌದು" ಎಂದೆ. ಹನಿ ಬಿದ್ದದ್ದು ಹೌದಷ್ಟೆ? ಅವನು ತಲೆಯಾಡಿಸಿ ಹೋದ. ಆಮೇಲೆ ಮೂರು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಸರೋಜಳ ಹತ್ತಿರ ಮಾತ್ರ ನಾನು ಅದೇ ಮಧ್ಯಾಹ್ನ ಒಪ್ಪಿಕೊಂಡೆ. ಹಿಂಡಿದರೆ ನೀರು ಬರುವ ಟೋಪಿಯನ್ನು ಅವಳೇ ಒಗೆಯಲು ತೆಗೆದುಕೊಂಡಿದ್ದಳು, ಬೇರೆ ದಾರಿ ಇರಲಿಲ್ಲ. ಅವಳು ಟೋಪಿಯನ್ನು ಹಗ್ಗಕ್ಕೆ ಹಾಕುತ್ತ, "ಹನಿ ಎಲ್ಲಿಂದ ಬಿದ್ದರೆ ಎಂತ? ತಮ್ಮ ಇಡಿಯಾಗಿ ಬಂದನಲ್ಲ" ಎಂದಳು. ನನಗೆ ಅದರಿಂದ ಸಮಾಧಾನವಾಗಬೇಕಿತ್ತು.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ, ಎಲ್ಲವನ್ನೂ ನಿರೀಕ್ಷಿಸುವ ನಾನೇ. ಊರಿನಲ್ಲಿ ಮಾತು ಹಬ್ಬಿತು: ಹೆಂಡತಿಯ ತಮ್ಮ ಮೊದಲನೆಯವನಾಗಿ ಬರುತ್ತಿದ್ದಾಗಲೂ ಒಂದೇ ಒಂದು ಹನಿಗೆ ರೇಸು ನಿಲ್ಲಿಸಿದ ಮನುಷ್ಯ! ನ್ಯಾಯ ಎಂದರೆ ಅದು! ಮರುವರ್ಷ ಶಾಲೆಯ ಆಟೋಟಕ್ಕೆ ನನ್ನನ್ನೇ ತೀರ್ಪುಗಾರನನ್ನಾಗಿ ಕರೆದರು. ಆಮೇಲೆ ಭಜನೆ ಸ್ಪರ್ಧೆಗೆ ಕರೆದರು. ನನಗೆ ತಾಳ ತಿಳಿಯುವುದಿಲ್ಲ ಎಂದರೂ ಬಿಡಲಿಲ್ಲ. ನರಿಮೊಗರಿನಲ್ಲಿ ಅಣ್ಣತಮ್ಮಂದಿರ ನಡುವೆ ಬಾವಿಯ ತಗಾದೆ ಬಂದಾಗ ಇಬ್ಬರೂ ಒಪ್ಪಿದ ಒಂದೇ ಹೆಸರು ನನ್ನದು. ವಿಮೆಗೂ ಜನ ತಾವಾಗಿ ಬಂದರು. ಪ್ರತಿ ಸಲ ಯಾರಾದರೂ ಕೈಮುಗಿದಾಗ ನನ್ನ ಕತ್ತಿನ ಹಿಂಭಾಗದಲ್ಲಿ ಒಂದು ಹನಿ ಮೂಡಿ ಬೆನ್ನಿಗಿಳಿಯುತ್ತಿತ್ತು. ನನ್ನ ಒಳ್ಳೆಯ ಹೆಸರು ಯಾವುದರಿಂದ ಆದದ್ದು ಎಂದು ಅದಕ್ಕೆ ಗೊತ್ತು.

ಜಯ ಸಿಟ್ಟು ಬಿಟ್ಟು ಬಂದ, ಮದುವೆಯಾದ. ಈಗ ಸುಳ್ಯದಲ್ಲಿ ಅವನದೇ ಗ್ಯಾರೇಜು ಉಂಟು. ಅವನ ಹತ್ತಿರ ಕೆಲಸ ಕಲಿಯುವವರಿಗೆ, ಬೈಕು ರಿಪೇರಿಗೆ ತಂದವರಿಗೆ, ಅವನು ಆ ಕತೆ ಹೇಳುವುದನ್ನು ನಾನು ಹೊರಗೆ ನಿಂತು ಕೇಳಿದ್ದೇನೆ. ಅವನ ಕತೆಯಲ್ಲಿ ಮೋಡ ಈಗ ನೆತ್ತಿಯ ಮೇಲೇ ಬಂದಿದೆ. ಹೋದ ತಿಂಗಳು ಬ್ರೇಕು ಸರಿಮಾಡಿಸಲು ಹೋದಾಗ, ಅವನೊಬ್ಬನೇ ಇದ್ದ. ಐವತ್ತರ ಹತ್ತಿರ ಬಂದ ಮನುಷ್ಯ ಎಷ್ಟೆಂದು ಹೊತ್ತುಕೊಂಡು ತಿರುಗುವುದು? ಮನಸ್ಸು ಗಟ್ಟಿ ಮಾಡಿ, "ಜಯ, ಅವತ್ತು ಬಿದ್ದದ್ದು ಮಳೆಯ ಹನಿ ಅಲ್ಲ" ಎಂದೆ.

ಅವನು ಚಕ್ರದಿಂದ ತಲೆ ಎತ್ತಲಿಲ್ಲ. "ಗೊತ್ತುಂಟು ಭಾವ. ಹೆಲ್ಮೆಟು ಕೊಡುವಾಗ ನಿಮ್ಮ ಮುಖ ನೋಡಿದೆನಲ್ಲ, ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ಇದ್ರಿ."

"ಗೊತ್ತಿದ್ದೂ ಊರಿಗೆಲ್ಲ ಹಾಗೆ ಹೇಳ್ತಾ ಬಂದದ್ದಾ?"

"ಮತ್ತೆ ಎಂತ ಹೇಳುದು?" ಈಗ ಅವನು ಎದ್ದು, ಕೈ ಒರಸಿಕೊಂಡ. "ಒಬ್ಬ ಪ್ರಾಮಾಣಿಕ ಮನುಷ್ಯನಿಂದಾಗಿ ಸೋತೆ ಅಂತ ಹೇಳಿದ್ರೆ ಜನ ಚಾ ಕೊಡ್ತಾರೆ. ಭಾವನ ಬೆವರಿನಿಂದ ಸೋತೆ ಅಂತ ಹೇಳಿಕೊಂಡು ನಾನು ತಿರುಗುದು ಹೇಗೆ? ನೀವು ಇದನ್ನು ಇನ್ನು ಯಾರ ಹತ್ತಿರವೂ ಬಾಯಿ ಬಿಡ್ಬೇಡಿ. ನಿಮಗೆ ಬೇಡದಿದ್ರೂ ನನಗೆ ಬೇಕು, ನಿಮ್ಮ ಪ್ರಾಮಾಣಿಕತನ."

ಬಿಡುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಬಂದವನು ಸುಮ್ಮನಿರಬೇಕಿತ್ತು. ಆದರೆ ಬಾಯಿ ಬಿಡುವುದಿಲ್ಲ ಎಂದದ್ದು, ಬರೆಯುವುದಿಲ್ಲ ಎಂದಲ್ಲವಲ್ಲ ಎಂದು ನನ್ನೊಳಗಿನ ತೀರ್ಪುಗಾರ ವಾದ ಹೂಡಿ, ಈ ಪ್ರಬಂಧವನ್ನು ಬರೆಸಿಬಿಟ್ಟ. ಜಯ ಪತ್ರಿಕೆಗಳಲ್ಲಿ ಸಾಹಿತ್ಯದ ಪುಟಗಳನ್ನು ತೆರೆಯುವವನಲ್ಲ ಎಂಬ ಒಂದೇ ಧೈರ್ಯ ನನಗಿತ್ತು. ಇಲ್ಲಿಯವರೆಗಿನದನ್ನು ನಿನ್ನೆ ಅಂಚೆಗೆ ಹಾಕಿ ಮನೆಗೆ ಬಂದು ಕೂತ ಮೇಲೆ ನೆನಪಾಗಿ ಈ ಸಾಲನ್ನು ಹಿಂದಿನಿಂದ ಕಳಿಸುತ್ತಿದ್ದೇನೆ: ಗ್ಯಾರೇಜಿನವನಾದ ಅವನು ಯಾವ ಪುಟದಲ್ಲಿ ಕಂಡರೂ ನಿಂತು ಓದುವ ಶಬ್ದ ಜಗತ್ತಿನಲ್ಲಿ ಒಂದೇ ಒಂದು ಇರುವುದು, ನಾನು ಅದನ್ನೇ ತೆಗೆದು ತಲೆಬರಹದಲ್ಲಿ ಹಾಕಿದ್ದೇನೆ.